ದಮ್ಮು, ಎಳೆತ, ಪಿಕಪ್ಪು: ಮಾರ್ಪಡಿಸಿದ ಸಣ್ಣ ಟರ್ಬೊ ಕಾರಿನ ಮಂದಗತಿಯನ್ನು ಕುರಿತು ಒಂದು ವಿವೇಚನೆ

ಪೀಠಿಕೆ

ಜನಪದ ತಂತ್ರಜ್ಞಾನದ ಅಧ್ಯಯನವೆಂದೊಡನೆ ನಮ್ಮ ಗಮನ ನೇಗಿಲು, ಕೂರಿಗೆ, ಗಾಣ, ಮಗ್ಗ, ತಿದಿ, ತಿಗರಿಗಳತ್ತ ಹರಿಯುವುದು ಸಹಜ. ಈ ಸಾಧನಗಳಿಗೆ ಸಂಬಂಧಿಸಿದ ವೃತ್ತಿಪದಗಳ ಸಂಗ್ರಹಕಾರ್ಯ ಕನ್ನಡದಲ್ಲಿ ಗಣನೀಯವಾಗಿ ನಡೆದಿದೆ. ಆದರೆ ಅದೇ ಊರುಗಳ ರಸ್ತೆಬದಿಯಲ್ಲಿ, ಟ್ರ್ಯಾಕ್ಟರು, ಲಾರಿ, ಜೀಪು ಮತ್ತು ಕಾರುಗಳ ದುರಸ್ತಿಯನ್ನು ಆಶ್ರಯಿಸಿ ಬೆಳೆದಿರುವ ಮೌಖಿಕ ಜ್ಞಾನದ ಕಡೆಗೆ ವಿದ್ವಾಂಸರ ದೃಷ್ಟಿ ಹರಿದಿರುವುದು ಕಡಿಮೆ. ಮಿಸ್ತ್ರಿಯ ಪಕ್ಕದಲ್ಲಿ ನಿಂತು, ಕೇಳಿದ ಪಾನಾ ಎತ್ತಿಕೊಟ್ಟು, ಕಿವಿಯಿಂದಲೂ ಬೆರಳಿನಿಂದಲೂ ಕಲಿಯುವ ಈ ವಿದ್ಯೆ ಕಂಬಾರಶಾಲೆಯ ವಿದ್ಯೆಗಿಂತ ಭಿನ್ನವಾದ ಜಾತಿಯದಲ್ಲ.

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂತಹ ಊರನ್ನು ಕೇಂದ್ರವಾಗಿಟ್ಟುಕೊಂಡು ಸುತ್ತ ನೋಡಿದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳವರೆಗೆ ಸುಣ್ಣಕಲ್ಲಿನ ಸೀಮೆ ಹಬ್ಬಿದೆ. ಕಲ್ಲಿನ ಗಣಿಗಳು ಮತ್ತು ಸಿಮೆಂಟು ಕಾರ್ಖಾನೆಗಳು ಭಾರದ ವಾಹನಗಳನ್ನು ಕರೆತಂದವು. ವಾಹನಗಳ ಹಿಂದೆ ಗ್ಯಾರೇಜುಗಳು ಬಂದವು. ಗ್ಯಾರೇಜುಗಳಲ್ಲಿ ಕನ್ನಡ, ದಖನಿ ಉರ್ದು, ತೆಲುಗು ಮತ್ತು ಇಂಗ್ಲಿಷ್ ಬೆರೆತ ಒಂದು ವೃತ್ತಿಭಾಷೆ ರೂಪುಗೊಂಡಿತು. ಇಂತಹ ಗ್ಯಾರೇಜಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ದೂರು ಬರತೊಡಗಿದೆ. ಹೆಚ್ಚು ಶಕ್ತಿ ಬರಲೆಂದು ಹಣ ತೆತ್ತು ಮಾರ್ಪಡಿಸಿದ ಸಣ್ಣ ಟರ್ಬೊ ಕಾರು, ಎಂಜಿನ್ ಕಡಿಮೆ ಸುತ್ತುಗಳಲ್ಲಿರುವಾಗ ಮೊದಲಿಗಿಂತಲೂ ಮಂದವಾಗಿದೆ ಎಂಬುದೇ ಆ ದೂರು. ಶಕ್ತಿ ಹೆಚ್ಚಿಸಿದ ಯಂತ್ರ ದುರ್ಬಲವಾಗುವುದು ಹೇಗೆ? ಈ ಪ್ರಶ್ನೆಯ ಯಾಂತ್ರಿಕ ಕಾರಣಗಳನ್ನು ವಿವರಿಸುವುದು, ಹಾಗೂ ಗ್ಯಾರೇಜಿನ ಮಾತು ಆ ಕಾರಣಗಳನ್ನು ಎಷ್ಟರಮಟ್ಟಿಗೆ ಹಿಡಿದಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ಮಾತುಗಳು

ವಾಹನ ಸರಿಯಾಗಿ ಮುಂದೆ ಸಾಗದಿದ್ದಾಗ ಈ ಸೀಮೆಯಲ್ಲಿ ಮೂರು ಬಗೆಯ ಮಾತು ಕೇಳಿಬರುತ್ತದೆ. ‘ಗಾಡಿ ಎಳಿಲತ್ತಿಲ್ಲ’ ಎಂಬುದು ಒಂದು. ‘ಪಿಕಪ್ ಇಲ್ಲ’ ಎಂಬುದು ಇನ್ನೊಂದು. ‘ದಮ್ ಇಲ್ಲ’ ಎಂಬುದು ಮತ್ತೊಂದು. ದಿನಬಳಕೆಯಲ್ಲಿ ಇವು ಒಂದರೊಳಗೊಂದು ಬೆರೆಯುವುದುಂಟು. ಆದರೂ ಪ್ರಯೋಗದ ಸಂದರ್ಭಗಳನ್ನು ಗಮನಿಸಿದರೆ ಅರ್ಥದ ವ್ಯತ್ಯಾಸ ಕಾಣುತ್ತದೆ. ‘ಎಳೆತ’ ಎತ್ತಿನ ಲೋಕದಿಂದ ಬಂದ ಮಾತು: ಭಾರ ಹೊತ್ತು, ನಿಧಾನವಾಗಿಯೇ ಆದರೂ ಕದಲಿಸುವ ಬಲ. ಎಂಜಿನಿಯರು ಟಾರ್ಕ್ ಎನ್ನುವ ತಿರುಗುಬಲಕ್ಕೆ ಇದು ಹತ್ತಿರದ್ದು. ‘ಪಿಕಪ್’ ಎಂದರೆ ಆಕ್ಸಿಲರೇಟರ್ ಒತ್ತಿದ ಕೂಡಲೆ ವೇಗ ಏರುವ ಚುರುಕು. ‘ದಮ್’ ಎಂಬುದು ಏರಿನಲ್ಲಿ, ಹೇರಿನಲ್ಲಿ ಕಡೆಯತನಕ ತಾಳುವ ಶಕ್ತಿ.

ಈ ಮೂರನೆಯ ಪದ ವಿಶೇಷವಾಗಿ ಗಮನಾರ್ಹವಾದುದು. ಪಾರಸಿಯಿಂದ ದಖನಿಗೂ ಅಲ್ಲಿಂದ ನಮ್ಮ ಆಡುಮಾತಿಗೂ ಬಂದಿರುವ ‘ದಮ್’ ಪದದ ಮೂಲಾರ್ಥ ಉಸಿರು. ಏದುಸಿರಿನ ಕಾಯಿಲೆಗೆ ಕನ್ನಡದಲ್ಲಿ ದಮ್ಮು ಎಂಬ ಹೆಸರಿರುವುದೂ ಇದರಿಂದಲೇ. ಮುಂದೆ ವಿವರಿಸುವಂತೆ, ಟರ್ಬೊ ಎಂಜಿನ್ನಿನ ಮಂದಗತಿ ಮೂಲತಃ ಉಸಿರಿನ ಸಮಸ್ಯೆಯೇ ಆಗಿದೆ. ಮಿಸ್ತ್ರಿಯ ಮಾತಿನಲ್ಲಿ ಅಡಗಿರುವ ರೂಪಕ ಯಂತ್ರದ ಕ್ರಿಯೆಗೆ ಅಕ್ಷರಶಃ ಹೊಂದಿಕೊಳ್ಳುವ ಅಪರೂಪದ ನಿದರ್ಶನವಿದು.

ಬಿಟ್ಟ ಉಸಿರಿನಿಂದ ಎಳೆಯುವ ಉಸಿರು

ಕಂಬಾರ ತಿದಿಯೊತ್ತಿದಾಗ ಒಲೆಯ ಇದ್ದಲಿಗೆ ಹೆಚ್ಚು ಗಾಳಿ ದೊರೆತು ಬೆಂಕಿ ಪ್ರಖರವಾಗುತ್ತದೆ. ಎಂಜಿನ್ನಿನ ಸಿಲಿಂಡರಿನಲ್ಲಿ ನಡೆಯುವುದೂ ಇದೇ. ಎಷ್ಟು ಗಾಳಿ ಒಳಹೋಗುತ್ತದೆಯೋ ಅಷ್ಟಕ್ಕೆ ತಕ್ಕ ಇಂಧನವನ್ನಷ್ಟೇ ಸರಿಯಾಗಿ ಉರಿಸಲು ಸಾಧ್ಯ. ಸಾಮಾನ್ಯ ಎಂಜಿನ್ ತನ್ನ ಶಕ್ತ್ಯಾನುಸಾರ ಗಾಳಿಯನ್ನು ಹೀರಿಕೊಳ್ಳುತ್ತದೆ. ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ. ಆ ಒತ್ತುವ ಕೆಲಸಕ್ಕೆ ಬೇಕಾದ ಬಲವನ್ನು ಹೊರಬೀಳುವ ಬಿಸಿಹೊಗೆಯಿಂದಲೇ ಪಡೆಯುವುದು ಟರ್ಬೊಚಾರ್ಜರಿನ ವೈಶಿಷ್ಟ್ಯ. ಒಂದೇ ಅಚ್ಚಿನ ಎರಡು ತುದಿಗಳಲ್ಲಿ ಎರಡು ಚಕ್ರಗಳಿವೆ. ಹೊಗೆಯ ಹರಿವು ಒಂದನ್ನು ತಿರುಗಿಸುತ್ತದೆ; ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ಸಣ್ಣ ಕಾರುಗಳ ಟರ್ಬೊ ಚಕ್ರಗಳ ವೇಗ ನಿಮಿಷಕ್ಕೆ 2 ಲಕ್ಷ ಸುತ್ತುಗಳನ್ನೂ ಮುಟ್ಟಬಲ್ಲದು.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ತತ್ವಕ್ಕೆ ಪೇಟೆಂಟ್ ಪಡೆದುದು 1905ರಲ್ಲಿ. ಹಡಗು ಹಾಗೂ ರೈಲು ಎಂಜಿನ್ನುಗಳಲ್ಲಿ ನೆಲೆಯೂರಿದ ಬಳಿಕ, 1962ರಲ್ಲಿ ಅಮೆರಿಕದ ಎರಡು ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ನಮ್ಮ ಕಡೆಯ ಸಣ್ಣ ಕಾರುಗಳಲ್ಲಿ ಟರ್ಬೊ ಮನೆಮಾತಾಗಲು ಮುಖ್ಯ ಕಾರಣಗಳಲ್ಲೊಂದು 2007ರಲ್ಲಿ ಬಂದ ಮಾರುತಿ ಸ್ವಿಫ್ಟ್ ಡೀಸೆಲ್. ಫಿಯಟ್ ಮೂಲದ ಅದರ ಎಂಜಿನ್ನಿನ ಗಾತ್ರ 1248 ಸಿ.ಸಿ., ಶಕ್ತಿ ಸುಮಾರು 75 ಅಶ್ವಶಕ್ತಿ, ಗರಿಷ್ಠ ತಿರುಗುಬಲ 2000 ಸುತ್ತುಗಳಲ್ಲಿ 190 ನ್ಯೂಟನ್ ಮೀಟರ್. ಮಾರುತಿ ಕಂಪನಿ 2020ರ ಏಪ್ರಿಲ್ ಹೊತ್ತಿಗೆ ಡೀಸೆಲ್ ಕಾರುಗಳ ತಯಾರಿಕೆಯನ್ನು ನಿಲ್ಲಿಸಿತು. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಈ ಕಾರು 2000 ಸುತ್ತುಗಳ ಕೆಳಗೆ ಕೊಂಚ ಮಂಕಾಗಿರುತ್ತಿತ್ತು ಎಂಬುದು ಓಡಿಸಿದವರ ಸಾಮಾನ್ಯ ಅನುಭವ. ಅದಕ್ಕೆ ಕಾರಣ ಲೆಕ್ಕದಲ್ಲಿಯೇ ಇದೆ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಂದರೆ 1248 ಸಿ.ಸಿ. ಎಂಜಿನ್ 1500 ಸುತ್ತುಗಳಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 936 ಲೀಟರ್, 4000 ಸುತ್ತುಗಳಲ್ಲಿ 2496 ಲೀಟರ್ ಗಾಳಿಯನ್ನು ಟರ್ಬೊವಿನ ಸಹಾಯವಿಲ್ಲದೆ ಎಳೆಯಬಲ್ಲದು. ಒಳಗೆ ಹೋದದ್ದು ಕಡಿಮೆಯಾದರೆ ಹೊರಗೆ ಬರುವ ಹೊಗೆಯೂ ಕಡಿಮೆ. ಹೊಗೆ ಕಡಿಮೆಯಾದರೆ ಟರ್ಬೊ ಚಕ್ರ ತಿರುಗದು. ಅದು ತಿರುಗದಿದ್ದರೆ ಒಳಗೆ ಹೋಗುವ ಗಾಳಿ ಹೆಚ್ಚದು. ಇದಲ್ಲದೆ ಗಾಳಿಯೊತ್ತುವ ಚಕ್ರದ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧವಾದರೆ ಒತ್ತಡ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಟರ್ಬೊ ಬಲ ಮೆಲ್ಲನೆ ಏರುವುದಿಲ್ಲ. ಬಹುಹೊತ್ತು ಇಲ್ಲದಂತಿದ್ದು ಒಮ್ಮೆಲೆ ಬಂದಂತೆ ತೋರುತ್ತದೆ.

ಹೊಸ್ತಿಲು ಮತ್ತು ತಡ

ಕಡಿಮೆ ಸುತ್ತಿನ ಮಂದಗತಿಯಲ್ಲಿ ಎರಡು ಪ್ರತ್ಯೇಕ ಸಂಗತಿಗಳಿವೆ. ಇವೆರಡನ್ನು ಬೇರ್ಪಡಿಸದೆ ಮಾಡುವ ಚಿಕಿತ್ಸೆ ಬಹುಪಾಲು ವ್ಯರ್ಥ.

ಮೊದಲನೆಯದನ್ನು ಹೊಸ್ತಿಲು ಎಂದು ಕರೆಯಬಹುದು. ಒಂದು ನಿರ್ದಿಷ್ಟ ಸುತ್ತಿನ ಕೆಳಗೆ, ಆಕ್ಸಿಲರೇಟರನ್ನು ಪೂರ್ಣ ಒತ್ತಿ ಎಷ್ಟು ಹೊತ್ತು ಕಾದರೂ ಸಾಕಷ್ಟು ಒತ್ತಡ ಹುಟ್ಟುವುದಿಲ್ಲ. ತೊಗರಿಯ ರಾಶಿ ತೂರುವವರಿಗೆ ಇದರ ಅರ್ಥ ಕೂಡಲೆ ಆಗುತ್ತದೆ. ಹೊಟ್ಟು ಹಾರುವಷ್ಟು ಗಾಳಿ ಬೀಸದಿದ್ದರೆ ಮೊರ ಎತ್ತಿ ಎಷ್ಟು ಸಲ ಸುರಿದರೂ ಕಾಳು ಬೇರೆಯಾಗದು; ಅಲ್ಲಿನ ಕೊರತೆ ತಾಳ್ಮೆಯದಲ್ಲ, ಗಾಳಿಯದು. ಎರಡನೆಯದು ತಡ. ಹೊಸ್ತಿಲು ದಾಟಿದ ಮೇಲೆಯೂ, ಕಾಲೊತ್ತಿದ ಕ್ಷಣಕ್ಕೂ ಬಲ ಬರುವ ಕ್ಷಣಕ್ಕೂ ನಡುವೆ ಒಂದು ಅಂತರವಿರುತ್ತದೆ. ಚಕ್ರ ತನ್ನ ಜಡತ್ವವನ್ನು ನೀಗಿಕೊಂಡು ವೇಗ ಪಡೆಯಲು ತೆಗೆದುಕೊಳ್ಳುವ ಸಮಯವದು. ಕುಂಬಾರನ ತಿಗರಿ ಇದಕ್ಕೆ ಹೋಲಿಕೆ. ತಿಗರಿ ಭಾರವಾಗಿದ್ದಷ್ಟೂ ಮೊದಲ ಸುತ್ತುಗಳು ನಿಧಾನ. ಆದರೆ ತಿರುಗಿಸುವ ಕೈಗೆ ಬಲವಿದ್ದರೆ ಅದು ತಿರುಗಿಯೇ ತಿರುಗುತ್ತದೆ.

ಗ್ಯಾರೇಜಿನ ಮಾತಿಗೆ ಇದನ್ನು ಅನ್ವಯಿಸಿದರೆ, ಹೊಸ್ತಿಲಿನ ದೋಷ ‘ಎಳೆತ ಇಲ್ಲ’ ಎಂಬ ಮಾತಿಗೂ, ತಡದ ದೋಷ ‘ಪಿಕಪ್ ಇಲ್ಲ’ ಎಂಬ ಮಾತಿಗೂ ಸಮೀಪವಾಗುತ್ತದೆ. ಗಿರಾಕಿ ಯಾವ ಮಾತನ್ನಾಡಿದನೆಂಬುದು ಹೀಗೆ ರೋಗನಿದಾನದ ಮೊದಲ ಸುಳಿವಾಗಬಲ್ಲದು.

ಮಾರ್ಪಾಡು ಕದಲಿಸುವುದು ಏನನ್ನು?

ಮಾರ್ಪಾಡುಗಳಲ್ಲಿ ಅತ್ಯಂತ ಪರಿಣಾಮಕಾರಿಯಾದುದು ದೊಡ್ಡ ಟರ್ಬೊ ಜೋಡಿಸುವುದು. ದೊಡ್ಡ ಚಕ್ರ ಹೆಚ್ಚು ಗಾಳಿಯನ್ನು ಒತ್ತಬಲ್ಲದೆಂಬುದು ನಿಜ. ಆದರೆ ಅದೇ ಆಕಾರದ, ಅದೇ ಲೋಹದ ಚಕ್ರದ ತಿರುಗುಜಡತ್ವ ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವ್ಯಾಸ ಶೇ. 20ರಷ್ಟು ಹೆಚ್ಚಿದರೆ ಜಡತ್ವ ಸುಮಾರು ಎರಡೂವರೆ ಪಟ್ಟಾಗುತ್ತದೆ. ಅಂದರೆ ತಿಗರಿ ಭಾರವಾಯಿತು, ತಡ ಹೆಚ್ಚಿತು. ಅದರ ಹೊಗೆದಾರಿಯೂ ಅಗಲವಾಗಿರುವುದರಿಂದ ಕಡಿಮೆ ಸುತ್ತಿನಲ್ಲಿ ಹೊಗೆಯ ವೇಗ ಕುಗ್ಗುತ್ತದೆ, ಹೊಸ್ತಿಲೂ ಮೇಲೇರುತ್ತದೆ. ಮೊದಲು 1800 ಸುತ್ತುಗಳಲ್ಲಿದ್ದ ಹೊಸ್ತಿಲು 2800ಕ್ಕೆ ಏರಿತೆಂದು ಭಾವಿಸೋಣ. ಆ ನಡುವಿನ 1000 ಸುತ್ತುಗಳೇ ದಿನನಿತ್ಯದ ಓಡಾಟದ ಹಾದಿ. ಅಲ್ಲಿ ಕಳೆದುಕೊಂಡದ್ದು 4000 ಸುತ್ತುಗಳ ಆಚೆ ಸಿಗುತ್ತದೆ.

ಎರಡನೆಯದು, ಪೆಟ್ರೋಲ್ ಎಂಜಿನ್ನುಗಳಿಗೆ ಸಂಬಂಧಿಸಿದ್ದು. ಹೆಚ್ಚಿನ ಒತ್ತಡದಲ್ಲಿ ಇಂಧನ ಅಕಾಲದಲ್ಲಿ ಸಿಡಿಯುವುದನ್ನು ತಡೆಯಲು ಕೆಲವರು ಸಂಕೋಚನ ಅನುಪಾತವನ್ನು ತಗ್ಗಿಸುತ್ತಾರೆ. ಅದು 10ರಿಂದ 8.5ಕ್ಕೆ ಇಳಿದರೆ ಆದರ್ಶ ಲೆಕ್ಕದಲ್ಲಿಯೇ ಎಂಜಿನ್ನಿನ ದಕ್ಷತೆ ಶೇ. 4ರಿಂದ 5ರಷ್ಟು ಕುಗ್ಗುತ್ತದೆ. ಟರ್ಬೊ ಎಚ್ಚರಗೊಳ್ಳುವವರೆಗೆ ಈ ನಷ್ಟವನ್ನು ತುಂಬುವವರಿಲ್ಲ.

ಮೂರನೆಯದು, ಎಂಜಿನ್ನನ್ನು ನಿಯಂತ್ರಿಸುವ ಗಣಕದ ಲೆಕ್ಕಪಟ್ಟಿಯನ್ನು ಬದಲಿಸುವುದು. ಹೊಸ ಪಟ್ಟಿ ಮೇಲಿನ ಸುತ್ತುಗಳಿಗಷ್ಟೇ ಇಂಧನ ಹೆಚ್ಚಿಸಿ ಕೆಳಗಿನದನ್ನು ಹಾಗೆಯೇ ಬಿಟ್ಟರೆ, ಕೆಳಗಿನ ಓಟ ಮೊದಲಿನಷ್ಟೇ ಇದ್ದರೂ ಮೇಲಿನ ಜಿಗಿತದೆದುರು ಸೊರಗಿದಂತೆ ತೋರುತ್ತದೆ. ಇದು ಭಾವನೆಯ ಮಂದಗತಿ, ಅಳತೆಯದಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಡಿಮೆ ಸುತ್ತಿಗೂ ಇಂಧನ ಹೆಚ್ಚಿಸಿದರೆ ಗಾಳಿ ಸಾಲದೆ ಕಪ್ಪುಹೊಗೆ ಬರುತ್ತದೆ.

ನಾಲ್ಕನೆಯದು ಚಕ್ರಗಳು. ಅಂದಕ್ಕಾಗಿ ಹಾಕಿಸುವ ದೊಡ್ಡ ಚಕ್ರಗಳು ಭಾರವನ್ನೂ, ಕೆಲವೊಮ್ಮೆ ಸುತ್ತಳತೆಯನ್ನೂ ಹೆಚ್ಚಿಸುತ್ತವೆ. ಸುತ್ತಳತೆ ಶೇ. 5ರಷ್ಟು ಹೆಚ್ಚಿದರೆ, ಅದೇ ಗೇರು ಅದೇ ವೇಗಕ್ಕೆ 1900ರಲ್ಲಿದ್ದ ಎಂಜಿನ್ ಸುಮಾರು 1810 ಸುತ್ತುಗಳಿಗೆ ಇಳಿಯುತ್ತದೆ. ಹೊಸ್ತಿಲಿನ ಅಂಚಿನಲ್ಲಿದ್ದ ಕಾರು ಹೀಗೆ ಅದರ ಕೆಳಕ್ಕೆ ಜಾರುತ್ತದೆ. ಎಂಜಿನ್ನನ್ನು ಮುಟ್ಟದೆಯೇ ಎಳೆತ ಕಡಿಮೆಯಾಗುವ ಬಗೆ ಇದು.

ಇಲ್ಲಿ ಒಂದು ಪ್ರಚಲಿತ ನಂಬಿಕೆಯನ್ನು ಪರಿಶೀಲಿಸುವುದು ಅಗತ್ಯ. ಸೈಲೆನ್ಸರ್ ಕೊಳವೆ ದೊಡ್ಡದು ಮಾಡಿಸಿದ್ದರಿಂದ ಹಿಂದಿನ ಒತ್ತಡ ಹೋಗಿ ಎಳೆತ ತಪ್ಪಿತೆಂದು ಹೇಳುವುದುಂಟು. ಟರ್ಬೊ ಇಲ್ಲದ ಎಂಜಿನ್ನುಗಳ ಅನುಭವದಿಂದ ಬಂದ ಈ ಮಾತು ಟರ್ಬೊವಿಗೆ ಸಲ್ಲುವುದಿಲ್ಲ. ಟರ್ಬೊವಿನ ನಂತರದ ಕೊಳವೆ ಸಡಿಲವಾದಷ್ಟೂ ಹೊಗೆಚಕ್ರದ ಎರಡು ಬದಿಯ ಒತ್ತಡದ ಅಂತರ ಹೆಚ್ಚಿ ಅದು ಬೇಗ ತಿರುಗುತ್ತದೆ. ಕೊಳವೆ ಬದಲಿಸಿದ ಮೇಲೆ ಮಂದಗತಿ ಕಂಡುಬಂದರೆ, ಟರ್ಬೊವಿಗೆ ಮುಂಚಿನ ಗ್ಯಾಸ್ಕೆಟ್ಟಿನಲ್ಲಿ ಹೊಗೆ ಸೋರುತ್ತಿದೆಯೇ ಎಂದು ನೋಡುವುದು ಯುಕ್ತ. ಮೌಖಿಕ ಜ್ಞಾನವನ್ನು ಗೌರವಿಸುವುದೆಂದರೆ ಅದರ ಪ್ರತಿಯೊಂದು ಹೇಳಿಕೆಯನ್ನೂ ಒಪ್ಪುವುದೆಂದಲ್ಲ. ಅದು ಯಾವ ಕಾಲದ, ಯಾವ ಯಂತ್ರದ ಅನುಭವದಿಂದ ಹುಟ್ಟಿತೆಂಬುದನ್ನು ಗುರುತಿಸುವುದೂ ಅಧ್ಯಯನದ ಭಾಗವೇ ಆಗಿದೆ.

ಸೀಮೆಯ ಗಾಳಿ, ದೂಳು, ದಾರಿ

ಯಂತ್ರದ ಗುಣ ಅದು ಓಡುವ ನೆಲವನ್ನೂ ಅವಲಂಬಿಸಿದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದೇನಲ್ಲ. ಸಮುದ್ರಮಟ್ಟದಲ್ಲಿ 15 ಡಿಗ್ರಿಯಲ್ಲಿರುವ ಒಣಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.22 ಕಿಲೋ, ಇಲ್ಲಿನ ಎತ್ತರ ಮತ್ತು ಬಿಸಿಲಿನಲ್ಲಿ ಅದು ಸುಮಾರು 1.06 ಕಿಲೋ. ಪ್ರತಿ ಉಸಿರಿನಲ್ಲಿಯೂ ಶೇ. 13ರಷ್ಟು ಗಾಳಿ ಕಡಿಮೆ. ಹೊಸ್ತಿಲು ದಾಟಿದ ಟರ್ಬೊ ಈ ಕೊರತೆಯ ಬಹುಭಾಗವನ್ನು ತುಂಬಿಕೊಡುತ್ತದೆ. ಹೊಸ್ತಿಲಿನ ಕೆಳಗೆ ಅದು ಪೂರ್ಣವಾಗಿ ಎಂಜಿನ್ನಿನ ಪಾಲಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಗಾಡಿ ಸೊರಗುತ್ತದೆಂಬ ಚಾಲಕರ ಮಾತಿಗೆ ಹೀಗೆ ಭೌತಿಕ ಆಧಾರವಿದೆ. ಎಂಜಿನ್ ಕೋಣೆಯೊಳಗಿನ ಬಿಸಿಗಾಳಿಯನ್ನೇ ಎಳೆಯುವಂತೆ ತೆರೆದ ಫಿಲ್ಟರ್ ಜೋಡಿಸಿದರೆ ಕೊರತೆ ಇಮ್ಮಡಿಸುವುದುಂಟು.

ಸುಣ್ಣಕಲ್ಲಿನ ದೂಳು ಮತ್ತೊಂದು ಅಂಶ. ಕಾರ್ಖಾನೆ ಮತ್ತು ಗಣಿಗಳ ದಾರಿಯಲ್ಲಿ ಓಡಾಡುವ ವಾಹನದ ಗಾಳಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಎಣ್ಣೆ ಸವರುವ ಬಗೆಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಗಾಳಿಯನ್ನು ಅಳೆಯುವ ಸೂಕ್ಷ್ಮ ತಂತಿಗೆ ಅದು ಅಂಟಿ, ಗಣಕಕ್ಕೆ ತಪ್ಪು ಲೆಕ್ಕ ಹೋಗುವ ಸಂಭವವೂ ಇದೆ.

ಎಲ್ಲಕ್ಕಿಂತ ಮುಖ್ಯವಾದುದು ದಾರಿ. ಊರಿನ ತಿರುವು, ರಸ್ತೆಯುಬ್ಬು, ದನಕರು, ಎದುರಾಗುವ ಟ್ರ್ಯಾಕ್ಟರುಗಳ ನಡುವೆ ವಾಹನ ಸಾಗುವುದು ಕಡಿಮೆ ವೇಗದಲ್ಲಿ. ಡೀಸೆಲ್ ಉಳಿಸಲೆಂದು ಬೇಗನೆ ಮೇಲಿನ ಗೇರಿಗೆ ಹೋಗುವ ರೂಢಿಯೂ ನಮ್ಮಲ್ಲಿದೆ. ನಾಲ್ಕನೆಯ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿರುವ ಸಣ್ಣ ಡೀಸೆಲ್ ಕಾರಿನ ಎಂಜಿನ್ 1200ರಿಂದ 1400 ಸುತ್ತುಗಳ ಆಸುಪಾಸಿನಲ್ಲಿರುತ್ತದೆ. ಬಲವೆಲ್ಲ 3000ದ ಆಚೆಗೆ ಸರಿದಿರುವ ಕಾರಿಗೆ ಈ ದಾರಿ ಒಗ್ಗದು. ರೇಸಿನ ಅಂಗಳಕ್ಕೆ ಹೊಂದುವ ಮಾರ್ಪಾಡು ಚಿಮ್ಮನಚೋಡದ ದಾರಿಗೆ ಹೊಂದಬೇಕೆಂದಿಲ್ಲ.

ಈ ಹೊಂದಿಕೆಯ ಕೊರತೆ ಜೀವದ ಪ್ರಶ್ನೆಯೂ ಹೌದು. ಸಿಮೆಂಟು ಹೇರಿದ ಲಾರಿಯನ್ನು ದಾಟಲು ಬಲಕ್ಕೆ ಸರಿದ ಕಾರು 60 ಕಿ.ಮೀ. ವೇಗದಲ್ಲಿ ಎರಡೇ ಸೆಕೆಂಡು ಬಲಕ್ಕಾಗಿ ಕಾದರೂ ಅಷ್ಟರೊಳಗೆ 33 ಮೀಟರ್ ಎದುರುದಾರಿಯಲ್ಲಿ ಕ್ರಮಿಸಿರುತ್ತದೆ. ನಂತರ ಬಲ ಒಮ್ಮೆಲೆ ಬರುವುದರಿಂದ ಹಿಡಿತ ತಪ್ಪುವ ಭಯವೂ ಉಂಟು. ಕಾನೂನಿನ ದೃಷ್ಟಿಯಿಂದಲೂ ವಿಷಯ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ.

ನಿದಾನದ ಕ್ರಮ

ಮಂದಗತಿಯ ದೂರು ಬಂದಾಗ ಸೋರಿಕೆಯನ್ನು ಮೊದಲು, ಟರ್ಬೊವನ್ನು ಕೊನೆಗೆ ಶಂಕಿಸುವುದು ಮಿತವ್ಯಯದ ಮಾರ್ಗ. ಹೊಸದಾಗಿ ಜೋಡಿಸಿದ ಇಂಟರ್‌ಕೂಲರಿನ ಹೋಸ್ ಪೈಪುಗಳ ಸಂದುಗಳಲ್ಲಿ ಎಣ್ಣೆಯ ಕಲೆ ಕಂಡರೆ, ಭಾರ ಬಿದ್ದಾಗ ‘ಪುಸ್’ ಎಂಬ ಸದ್ದು ಕೇಳಿದರೆ, ಒತ್ತಿದ ಗಾಳಿ ಅಲ್ಲಿಂದಲೇ ಹೋಗುತ್ತಿದೆ ಎಂದರ್ಥ. ಟರ್ಬೊವಿಗೆ ಮುಂಚಿನ ಸಂದಿನಲ್ಲಿ ಮಸಿಯ ಗೆರೆ ಕಂಡರೆ ಚಕ್ರವನ್ನು ತಿರುಗಿಸಬೇಕಾದ ಹೊಗೆಯೇ ಸೋರಿಹೋಗುತ್ತಿದೆ. ಕಪ್ಪುಹೊಗೆ ಗಾಳಿಯ ಕೊರತೆಯನ್ನೂ, ನೀಲಿಹೊಗೆ ಎಣ್ಣೆ ಉರಿಯುವುದನ್ನೂ ಸೂಚಿಸುತ್ತದೆ. ಪಂಕ್ಚರ್ ಅಂಗಡಿಯ ವಿಧಾನವನ್ನೇ ಅನುಸರಿಸಿ, ಕೊಳವೆಗೆ ಮಿತವಾದ ಒತ್ತಡದ ಗಾಳಿ ತುಂಬಿ ಸಂದುಗಳಿಗೆ ಸೋಪಿನ ನೀರು ಸವರಿದರೆ ಗುಳ್ಳೆಯೇ ಸಾಕ್ಷಿ ಹೇಳುತ್ತದೆ.

ನಿಂತ ಕಾರಿಗೆ ಬರಿದೆ ರೇಸ್ ಕೊಟ್ಟು ಪೈಪು ಗಟ್ಟಿಯಾಯಿತೇ ಎಂದು ಕೈಯಿಂದ ನೋಡುವುದು ನಂಬಲರ್ಹವಲ್ಲ. ಭಾರವಿಲ್ಲದ ಎಂಜಿನ್ ಉರಿಸುವ ಇಂಧನ ಅಲ್ಪ. ಹೊಗೆಯ ಬಲವೂ ಅಲ್ಪ. ಪರೀಕ್ಷೆ ದಾರಿಯ ಮೇಲೆಯೇ ನಡೆಯಬೇಕು. ತೆರವಾದ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಸುತ್ತು ಏರುವವರೆಗೆ ಬಲವೇ ಬರದಿದ್ದರೆ ಅದು ಹೊಸ್ತಿಲು. ಅದೇ ಸುತ್ತಿನಲ್ಲಿ ಒಂದೆರಡು ಕ್ಷಣ ಕಾದರೆ ಬರುವುದಾದರೆ ಅದು ತಡ. ಹೊಗೆಯನ್ನು ಬದಿಗೆ ಬಿಡುವ ವೇಸ್ಟ್‌ಗೇಟ್ ತೆರೆದೇ ನಿಂತಿದ್ದರೂ, ಬದಲಾಗುವ ರೆಕ್ಕೆಗಳುಳ್ಳ ಟರ್ಬೊಗಳಲ್ಲಿ ಮಸಿಯಿಂದ ರೆಕ್ಕೆ ಸಿಕ್ಕಿಕೊಂಡಿದ್ದರೂ ಇವೇ ಲಕ್ಷಣಗಳು ಕಾಣಿಸುತ್ತವೆ.

ಸೋರಿಕೆಯಿಲ್ಲದೆ ಹೊಸ್ತಿಲೇ ಎತ್ತರವಾಗಿದ್ದರೆ ಅದಕ್ಕೆ ಎರಡೇ ಪರಿಹಾರ: ಕೆಳಗಿನ ಗೇರಿನಲ್ಲಿ ಓಡಿಸುವುದು, ಇಲ್ಲವೆ ಎಂಜಿನ್ನಿನ ಉಸಿರಿಗೆ ತಕ್ಕ ಸಣ್ಣ ಟರ್ಬೊವಿಗೆ ಮರಳುವುದು. ಕಾರ್ಖಾನೆಗಳೇ ಈ ಸಮಸ್ಯೆಯನ್ನು ಎದುರಿಸಿದ ರೀತಿ ಬೋಧಪ್ರದ. ಅದೇ 1248 ಸಿ.ಸಿ. ಎಂಜಿನ್ನಿಗೆ ಹೊಗೆಯ ಹರಿವಿಗೆ ತಕ್ಕಂತೆ ಓರೆಯಾಗುವ ರೆಕ್ಕೆಗಳ ಟರ್ಬೊವನ್ನು ಅಳವಡಿಸಿ, 2016ರ ವಿಟಾರಾ ಬ್ರೆಝಾದಲ್ಲಿ 1750 ಸುತ್ತುಗಳಲ್ಲಿ 200 ನ್ಯೂಟನ್ ಮೀಟರ್ ಪಡೆಯಲಾಯಿತು. ಶಕ್ತಿ 90 ಅಶ್ವಶಕ್ತಿಗೇರಿದರೂ ಗರಿಷ್ಠ ತಿರುಗುಬಲದ ಸುತ್ತು ಮೇಲೇರುವ ಬದಲು ಕೆಳಗಿಳಿಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು. ಟರ್ಬೊ ಎಂಜಿನ್ನಿನ ಮಾರ್ಪಾಡು ಸಾಮಾನ್ಯವಾಗಿ ಶಕ್ತಿಯನ್ನು ಎಲ್ಲೆಡೆ ಹೆಚ್ಚಿಸುವುದಿಲ್ಲ. ಕೆಳಗಿನ ಸುತ್ತಿನಿಂದ ತೆಗೆದು ಮೇಲಿನ ಸುತ್ತಿಗೆ ಸೇರಿಸುತ್ತದೆ. ಬಿಟ್ಟ ಉಸಿರನ್ನೇ ನಂಬಿದ ಯಂತ್ರಕ್ಕೆ ದೊಡ್ಡ ಶ್ವಾಸಕೋಶ ಜೋಡಿಸಿದರೆ, ಅದು ಉಸಿರು ಹಿಡಿಯುವುದಕ್ಕೂ ಅಷ್ಟೇ ಹೆಚ್ಚು ಕಾಲ ಬೇಕಾಗುತ್ತದೆ. ಆದ್ದರಿಂದ ಗಾಡಿಯ ಗುಣವನ್ನು ಅದರ ಗರಿಷ್ಠ ಅಶ್ವಶಕ್ತಿಯಿಂದ ಅಳೆಯುವ ಬದಲು, ಅದು ದಿನವೂ ಓಡುವ ದಾರಿಯ ಸುತ್ತುಗಳಲ್ಲಿ ದೊರೆಯುವ ಎಳೆತದಿಂದ ಅಳೆಯುವುದು ಸಮಂಜಸ. ಎತ್ತನ್ನು ಕೊಳ್ಳುವಾಗ ಹೊಲದ ಮಣ್ಣನ್ನು ನೋಡುವ ರೈತನ ವಿವೇಕ ಇಲ್ಲಿಯೂ ಸಲ್ಲುತ್ತದೆ.

ವಿದ್ವಾಂಸರ ಪಾಲಿಗೆ ಇನ್ನೊಂದು ಕೆಲಸ ಉಳಿದಿದೆ. ದಮ್, ಎಳೆತ, ಪಿಕಪ್ ಎಂಬ ಪದಗಳನ್ನು ವೃತ್ತಿಪದಕೋಶಕ್ಕೆ ಸೇರಿಸುವಾಗ ಕೇವಲ ‘ಶಕ್ತಿ’ ಎಂದು ಅರ್ಥ ಬರೆದರೆ ಮೂರರ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಯಾವ ಗೇರು, ಯಾವ ಹೇರು, ಯಾವ ಹಂಗಾಮು, ಕೇಳಿದ ಸದ್ದು ಯಾವುದು, ಹೊಗೆಯ ಬಣ್ಣ ಯಾವುದು ಎಂಬ ಸಂದರ್ಭಗಳನ್ನೂ ಪದದೊಡನೆ ದಾಖಲಿಸಬೇಕು. ವಿದ್ಯುತ್ ಚಾಲಿತ ವಾಹನಗಳು ನಮ್ಮ ರಸ್ತೆಗಳಿಗೂ ಬರುತ್ತಿರುವ ಈ ಕಾಲದಲ್ಲಿ, ಹೊಗೆಯ ಬಣ್ಣವನ್ನೂ ಸೀಟಿಯ ಸದ್ದನ್ನೂ ಓದಬಲ್ಲ ಮಿಸ್ತ್ರಿಗಳು ಕೆಲಸದಲ್ಲಿರುವಾಗಲೇ ಈ ಸಂಗ್ರಹ ನಡೆಯುವುದು ಅವಶ್ಯ.